ಮೊದಲು ಗುರುತಿನ ಮಂದಿ, ಆಮೇಲೆ ದೋಸ್ತರು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರು ನನಗೆ ಫೋನ್ ಮಾಡಿದರೆ ಮೊದಲ ಹತ್ತು ನಿಮಿಷ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಹನ್ನೊಂದನೇ ನಿಮಿಷಕ್ಕೆ ದನಿ ಸ್ವಲ್ಪ ಇಳಿಯುತ್ತದೆ. "ಅಣ್ಣಾರ, ಇಲ್ಲಿ ದೋಸ್ತರನ್ನ ಹ್ಯಾಂಗ ಮಾಡ್ಕೋಬೇಕ್ರೀ? ಮಾತಾಡಾಕ ಒಬ್ರೂ ಇಲ್ಲ."

ಮೊದಲಿನ ಪ್ರಶ್ನೆಗಳಿಗೆಲ್ಲ ನನ್ನ ಹತ್ತಿರ ಪಟ್ಟಿ ಇದೆ, ವಾಟ್ಸಾಪಿನಲ್ಲಿ ಕಳಿಸಿಬಿಡುತ್ತೇನೆ. ಕೊನೆಯದಕ್ಕೆ ಪಟ್ಟಿ ಸಾಲುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದೋಸ್ತರನ್ನು ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲು ಗುರುತಿನ ಮಂದಿಯನ್ನು ಮಾಡಿಕೊಳ್ಳಿ.

ಇವೆರಡರ ಫರಕು ನನಗೆ ಮೊದಲು ಕಂಡದ್ದು ನಮ್ಮ ಅಪ್ಪನಲ್ಲಿ. ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಏರಿದಾಗ ನಮ್ಮ ಓಣಿ ಮುಳುಗಡೆಗೆ ಹೋಯಿತು. ಪರಿಹಾರ ಬಂತು, ನವನಗರದಲ್ಲಿ ಸೈಟು ಬಂತು, ಮನೆ ಕಟ್ಟಿಸಿಕೊಂಡು ಹೋದೆವು. ಅಗಲವಾದ ರಸ್ತೆ, ಸೆಕ್ಟರ್ ನಂಬರು, ಮನೆ ಮುಂದೆ ಗಿಡ ಹಚ್ಚಲು ಜಾಗ. ಅವ್ವನಿಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಸೊರಗಿದರು. ವಿಚಿತ್ರ ಅಂದರೆ ಅವರ ಖಾಸಾ ದೋಸ್ತರು ಮೂವರೂ ನವನಗರಕ್ಕೇ ಬಂದಿದ್ದರು. ಒಬ್ಬರ ಮನೆ ನಮ್ಮಿಂದ ಎರಡು ರಸ್ತೆ ಆಚೆ. ದಿನಾ ಸಂಜೆ ಕೂಡುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಆದರೂ ಅಪ್ಪನ ಮುಖದಲ್ಲಿ ಕಳೆ ಇರಲಿಲ್ಲ.

ವಾರಕ್ಕೆ ಎರಡು ಸಲ ಅವರು ಟಂಟಂ ಹತ್ತಿ, ವಿದ್ಯಾಗಿರಿ ದಾಟಿ, ಹಳೇ ಊರಿಗೆ ಹೋಗುತ್ತಿದ್ದರು. ಏನಕ್ಕೆ? ದಾಡಿ ಮಾಡಿಸಿಕೊಳ್ಳಲು. ನಮ್ಮ ಸೆಕ್ಟರಿನಲ್ಲೇ ಹೊಸ ಕಟಿಂಗ್ ಅಂಗಡಿ ಇತ್ತು, ತಿರುಗುವ ಕುರ್ಚಿ, ಟಿವಿ ಎಲ್ಲ ಇತ್ತು. ದಾಡಿ ದುಡ್ಡಿಗಿಂತ ಟಂಟಂ ದುಡ್ಡೇ ಜಾಸ್ತಿ ಆಯಿತು ಅಂತ ಅವ್ವ ಬೈಯುತ್ತಿದ್ದಳು. ರಜೆಗೆ ಬಂದಿದ್ದ ನಾನು ಒಮ್ಮೆ ಜೊತೆಗೆ ಹೋದೆ. ವಲ್ಲಭಭಾಯಿ ಚೌಕದ ಹತ್ತಿರ ಇಳಿದು ಅಂಗಡಿ ಮುಟ್ಟಲು ಐದು ನಿಮಿಷ ಸಾಕು. ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಎಲೆ ಅಡಿಕೆಯವನು, "ಏನ್ರೀ ಮಾಸ್ತರ, ಭಾಳ ದಿನಾತಲ್ಲ, ಕಂಡೇ ಇಲ್ಲ." ಸೈಕಲ್ ರಿಪೇರಿಯವನು ಕೈ ಎತ್ತಿದ, ಕೈತುಂಬ ಗ್ರೀಸು. ಬಾಳೆಹಣ್ಣಿನ ಗಾಡಿಯ ಹೆಣ್ಣುಮಗಳು, "ಮಗಾ ಏನ್ರೀ? ನಿಮ್ಮಂಗಽ ಅದಾನ." ಕಡೆಗೆ ಕಟಿಂಗ್ ಅಂಗಡಿ. ಅವನು ಅಪ್ಪನ ಗದ್ದ ಹಿಡಿದು ಒಂದು ಕಡೆ ತಿರುವಿದ. ಎಡಗಿವಿಯ ಕೆಳಗೆ ಅಪ್ಪನಿಗೆ ಒಂದು ನರುಳ್ಳೆ ಇದೆ. ಅವನ ಕಣ್ಣು ಬಾಗಿಲಾಚೆಯ ಜಗಳದ ಮೇಲಿತ್ತು. ಕತ್ತಿ ತನ್ನಷ್ಟಕ್ಕೆ ಆ ನರುಳ್ಳೆಯನ್ನು ಸುತ್ತಿ ಹೋಯಿತು.

ವಾಪಸ್ ಬರುವಾಗ ಟಂಟಂನಲ್ಲಿ ಕೇಳಿದೆ, "ಅಪ್ಪಾ, ಅಂವಾ ನಿನ್ನ ದೋಸ್ತ ಏನು?"

"ದೋಸ್ತ ಎಲ್ಲೀದು? ಅವನ ಮನಿ ಎಲ್ಲೈತಿ ಅನ್ನೂದೂ ಗೊತ್ತಿಲ್ಲ. ಗುರುತಿನಂವ."

ನಮ್ಮ ಕಡೆ ಈ ಲೆಕ್ಕ ಮೊದಲಿನಿಂದಲೂ ಸ್ಪಷ್ಟ. ಮುಖಪರಿಚಯ ಬೇರೆ, ಗುರುತು ಬೇರೆ, ಹೋಗಿ ಬರುವ ಬಳಕೆ ಬೇರೆ, ದೋಸ್ತಿ ಬೇರೆ. ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಶುರುವಾದ ಮೇಲೆ ನಿಮಗೆ ಬಣ್ಣ ಹಚ್ಚಿದ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಮೊದಲಿನೆರಡು ಗುಂಪಿನವರೇ. ಈಗ ಫೋನಿನಲ್ಲಿ ಎಲ್ಲರೂ 'ಫ್ರೆಂಡ್' ಆಗಿಬಿಟ್ಟು ಲೆಕ್ಕ ತಪ್ಪಿದೆ. ನನ್ನ ಅಳತೆ ಸರಳ: ದೋಸ್ತನಿಗೆ ನಿಮ್ಮ ಒಳಗಿನದು ಗೊತ್ತಿರುತ್ತದೆ, ಗುರುತಿನವನಿಗೆ ನೀವು ಹೋಗಿಬರುವ ಹೊತ್ತು ಗೊತ್ತಿರುತ್ತದೆ. ಪರದೇಶಕ್ಕೆ ಬಂದಾಗ ದೋಸ್ತರು ಫೋನಿನಲ್ಲಿ ಜೊತೆಗೇ ಬರುತ್ತಾರೆ. ನೀವು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ ಅಂತ ಗೊತ್ತಿದ್ದ ಆ ಮಂದಿ ಅಷ್ಟೂ ಒಂದೇ ದಿನದಲ್ಲಿ ಕಳೆದುಹೋಗುತ್ತಾರೆ.

ನಾನು 2011ರ ನವೆಂಬರಿನಲ್ಲಿ ಮಿಲ್ಟನ್ ಕೀನ್ಸಿಗೆ ಬಂದೆ. 1967ರಲ್ಲಿ ಇಲ್ಲಿ ಹೊಸ ಊರು ಆಗಬೇಕು ಅಂತ ಸರ್ಕಾರ ಜಾಗ ಗೊತ್ತು ಮಾಡಿ, ನಕ್ಷೆ ಬರೆದು ಕಟ್ಟಿಸಿದ ಊರು ಇದು. ಅಡ್ಡ ರಸ್ತೆಗೆ ಎಚ್, ಉದ್ದ ರಸ್ತೆಗೆ ವಿ, ಪಕ್ಕದಲ್ಲೊಂದು ನಂಬರು. ಎಚ್6, ವಿ7. ಮೊದಲ ದಿನ ನೋಡಿ ನಗು ಬಂತು. ಅಯ್ಯೋ ಶಿವನೇ, ಮತ್ತೊಂದು ನವನಗರ! ಆ ನಗು ಒಂದು ವಾರದಲ್ಲಿ ನಿಂತಿತು. ಸಂಜೆ ನಾಲ್ಕಕ್ಕೆ ಕತ್ತಲೆ. ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನವರೆಗೆ ಯಾರ ಮುಖವೂ ಇಲ್ಲ.

ಆಗ ನಾನು ಮಾಡಿದ್ದು ನೀವೆಲ್ಲ ಮಾಡುವುದನ್ನೇ. 'ನಮ್ಮ ಕಡೆಯವರು' ಐದು ಮನೆ ಹುಡುಕಿದೆ. ಶನಿವಾರ ಒಬ್ಬರ ಮನೆ, ರವಿವಾರ ಇನ್ನೊಬ್ಬರ ಮನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ರಾತ್ರಿ ಹನ್ನೆರಡರವರೆಗೆ ಹರಟೆ. ಸುಳ್ಳು ಹೇಳುವುದಿಲ್ಲ, ಜೀವ ಉಳಿಸಿದ್ದು ಆ ಊಟಗಳೇ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಮತ್ತೆ ಅದೇ ಖಾಲಿ. ಮುಂದೆ ಆ ಐದು ಮನೆಗಳಲ್ಲಿ ಎರಡರ ನಡುವೆ ಒಂದು ಹಳೇ ಕಾರಿನ ವ್ಯವಹಾರದಲ್ಲಿ ಮನಸ್ತಾಪ ಬಂತು. ಒಂದು ಮನೆಯವರು ಊರೇ ಬಿಟ್ಟರು, ಉಳಿದವರು ಎರಡು ಪಾರ್ಟಿ ಆದರು. ನಾನು ಯಾವ ಪಾರ್ಟಿಗೂ ಸೇರಲಿಲ್ಲ, ಹಾಗಾಗಿ ಎರಡೂ ಕಡೆಯ ರೊಟ್ಟಿ ತಪ್ಪಿತು. ನನ್ನ ಇಡೀ ಜಗತ್ತು ಐದೇ ಮನೆಯಲ್ಲಿ ಇತ್ತಲ್ಲ, ಒಂದು ತಿಂಗಳಲ್ಲಿ ಬಯಲಾಯಿತು.

ಆ ಬಯಲಿನಲ್ಲಿ ನನ್ನನ್ನು ಗುರುತು ಹಿಡಿದವರು ಯಾರು ಅಂದರೆ, ಇಂಡಿಯನ್ ಅಂಗಡಿಯ ಗುಜರಾತಿ ಕಾಕಾ. ಅವರು ಜೋಳದ ಹಿಟ್ಟಿಗೆ 'ಜುವಾರ್ ನೋ ಲೋಟ್' ಅನ್ನುತ್ತಾರೆ. ಶುಕ್ರವಾರ ಸಂಜೆ ಆರಕ್ಕೆ ನಾನು ಬರುತ್ತೇನೆ ಅಂತ ಅವರಿಗೆ ಗೊತ್ತು. ಒಂದು ಶುಕ್ರವಾರ ನಾನು ಬಾಗಿಲಲ್ಲಿ ಕಂಡ ಕೂಡಲೇ ಕೌಂಟರ್ ಕೆಳಗಿನಿಂದ ಎರಡು ಕಟ್ಟು ಮೆಂತ್ಯ ಸೊಪ್ಪು ತೆಗೆದಿಟ್ಟರು. "ಉಳಿಯುವುದಿಲ್ಲ ಅಂತ ನಿನಗೆ ಇಟ್ಟಿದ್ದೆ" ಅಂದರು ಹಿಂದಿಯಲ್ಲಿ. ಅಷ್ಟೇ. ನಾನು ಮನೆಗೆ ಬಂದು ಆ ಮೆಂತ್ಯ ಸೋಸುತ್ತಾ ಕೂತಾಗ ಅಪ್ಪನ ಟಂಟಂ ದುಡ್ಡಿನ ಲೆಕ್ಕ ನನಗೆ ಅರ್ಥವಾಯಿತು.

ಇನ್ನು ನೌಕರಿಯ ವಿಷಯ. ಇದು ಹೊಸಬರಿಗೆ ಹೆಚ್ಚು ಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾರ್ಕ್ ಗ್ರಾನೊವೆಟರ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞರು. ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದ ಜನರನ್ನು ಅವರು ವಿಚಾರಿಸಿದರು. ಕೆಲಸದ ಸುದ್ದಿ ಹೇಳಿದವರನ್ನು ಆಗ ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಗೊತ್ತಿದ್ದವರ ಮೂಲಕ ಕೆಲಸ ಸಿಕ್ಕವರಲ್ಲಿ ವಾರಕ್ಕೆರಡು ಸಲವಾದರೂ ಭೇಟಿಯಾಗುತ್ತಿದ್ದೆವು ಅಂದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 56ರಷ್ಟು. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಅಂದವರು ಶೇ. 28ರಷ್ಟು. 1973ರಲ್ಲಿ ಈ ಲೇಖನ ಬಂತು, ಇವತ್ತಿಗೂ ಎಲ್ಲರೂ ಅದನ್ನೇ ಹಿಡಿದು ಮಾತಾಡುತ್ತಾರೆ.

ಯಾಕೆ ಹೀಗೆ? ನಿಮಗೆ ಗೊತ್ತಿದ್ದದ್ದೇ ನಿಮ್ಮ ದೋಸ್ತನಿಗೂ ಗೊತ್ತಿರುತ್ತದೆ, ಅಷ್ಟೇ. ನನ್ನ ಮೂವರು ದೋಸ್ತರೂ ನನ್ನದೇ ಕಂಪನಿ, ನನ್ನದೇ ಮಹಡಿ. ಅಲ್ಲಿ ಜನರನ್ನು ತೆಗೆಯುತ್ತಾರೆ ಅಂತ ಸುದ್ದಿ ಬಂದಾಗ ನಾಲ್ವರೂ ಒಟ್ಟಿಗೆ ಕೂತು ಒಟ್ಟಿಗೆ ಹೆದರಿದೆವು. ಅವರು ನನಗಾಗಿ ಪ್ರಾಣ ಕೊಡುತ್ತಿದ್ದರು, ಆದರೆ ಕೊಡಲು ಅವರ ಹತ್ತಿರ ಒಂದು ಹೊಸ ಸುದ್ದಿ ಇರಲಿಲ್ಲ. ಸುದ್ದಿ ಬಂದದ್ದು ಗುರುವಾರದ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಪೋಲೆಂಡಿನವನು ಒಬ್ಬ, ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಅವನ ಪೂರ್ತಿ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಶೂ ಲೇಸು ಬಿಚ್ಚುತ್ತಾ, "ನಮ್ಮಲ್ಲಿ ಡೇಟಾಬೇಸ್ ಬಲ್ಲವರು ಬೇಕಾಗಿದ್ದಾರೆ, ಯಾರಾದರೂ ಗೊತ್ತಾ?" ಅಂದ. ಗೊತ್ತಿತ್ತು!

ಹಾಗಂತ ಸಿಕ್ಕಸಿಕ್ಕವರಿಗೆಲ್ಲ ರೆಸ್ಯೂಮೆ ಕಳಿಸಬೇಡಿ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ ದೊಡ್ಡ ಪ್ರಯೋಗವೊಂದು ಬಂತು, 5 ವರ್ಷ, 2 ಕೋಟಿ ಜನ. ಅದರಲ್ಲೂ ಗುರುತಿನವರೇ ಮೇಲು ಅಂತ ಬಂತು, ಆದರೆ ತೀರಾ ದೂರದವರಲ್ಲ. ನಡುವೆ ಒಂದಷ್ಟು ಇಬ್ಬರಿಗೂ ಗೊತ್ತಿರುವ ಜನ ಇದ್ದವರು ಹೆಚ್ಚು ಉಪಯೋಗಕ್ಕೆ ಬಂದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, "ಯಾರ ಪೈಕಿ?" ಅಂತ ಕೇಳಿದರೆ ಉತ್ತರ ಸಿಗುವಂಥವರು.

ಮುಂದೊಂದು ದಿನ ಸರ್ಕಾರವೂ ನಿಮ್ಮನ್ನು ಇದೇ ಪ್ರಶ್ನೆ ಕೇಳುತ್ತದೆ. ಬ್ರಿಟಿಷ್ ಪೌರತ್ವಕ್ಕೆ ನಾನು ಅರ್ಜಿ ಹಾಕಿದಾಗ ಇಬ್ಬರು ರೆಫರಿ, ಅಂದರೆ ಇವರನ್ನು ನಾನು ಬಲ್ಲೆ ಅಂತ ಸಹಿ ಹಾಕುವವರು ಬೇಕಿತ್ತು. ಇಬ್ಬರೂ ನಮ್ಮನ್ನು ಕನಿಷ್ಠ 3 ವರ್ಷದಿಂದ ಬಲ್ಲವರಾಗಿರಬೇಕು, ಸಂಬಂಧಿಕರಾಗಿರಬಾರದು. ಒಬ್ಬರು ಟೀಚರ್, ಅಕೌಂಟೆಂಟ್ ಥರದ ಕೆಲಸದಲ್ಲಿರುವವರು. ಇನ್ನೊಬ್ಬರ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು. ನನ್ನ ಖಾಸಾ ದೋಸ್ತರೆಲ್ಲ ನನ್ನ ಹಾಗೆ ಆಗಿನ್ನೂ ಭಾರತದ ಪಾಸ್‌ಪೋರ್ಟಿನವರು. ಕಡೆಗೆ ಸಹಿ ಹಾಕಿದವರು ಮಗಳ ಶಾಲೆಯ ಟೀಚರ್ ಮತ್ತು ಪಕ್ಕದ ಮನೆಯ ಅಜ್ಜ. ಅಜ್ಜನ ಜೊತೆ ನನ್ನ ಸಂಬಂಧ ಇಷ್ಟೇ: ನಾವು ಕೆಲಸಕ್ಕೆ ಹೋದಾಗ ಬಂದ ಪಾರ್ಸೆಲ್ ಅವರು ತೆಗೆದಿಡುತ್ತಿದ್ದರು, ಯಾವ ವಾರ ಯಾವ ಬಣ್ಣದ ಕಸದ ಬಿನ್ ಹೊರಗಿಡಬೇಕು ಅಂತ ನಾನು ಅವರ ಬಾಗಿಲು ನೋಡಿ ತಿಳಿದುಕೊಳ್ಳುತ್ತಿದ್ದೆ.

ಸರಿ, ಗುರುತು ಮಾಡಿಕೊಳ್ಳುವುದು ಹೇಗೆ? ಅದೇ ಜಾಗ, ಅದೇ ಹೊತ್ತು. ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ. ಒಂದು ವಾರ ಈ ಜಿಮ್ಮು, ಇನ್ನೊಂದು ವಾರ ಆ ಲೈಬ್ರರಿ ಅಂತ ಓಡಾಡಿದರೆ ನೀವು ಎಲ್ಲ ಕಡೆ ಅಪರಿಚಿತರೇ. 8:10ರ ಬಸ್ಸು ಅಂದರೆ ದಿನಾ 8:10ರದ್ದೇ ಹಿಡಿಯಿರಿ. ಮಕ್ಕಳಿದ್ದರೆ ಶಾಲೆಯ ಗೇಟಿಗೆ ಐದು ನಿಮಿಷ ಮೊದಲು ಹೋಗಿ ನಿಲ್ಲಿ, ಫೋನ್ ಜೇಬಿನಲ್ಲಿರಲಿ. ಹೊಲ ಮನೆತನದಿಂದ ಬಂದವರಾದರೆ ಕೌನ್ಸಿಲ್‌ನಲ್ಲಿ ಅಲಾಟ್‌ಮೆಂಟಿಗೆ ಹೆಸರು ಬರೆಸಿ. ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಭೂಮಿ ಅದು, ಹಳೇ ಲೆಕ್ಕದ ಪೂರ್ತಿ ತುಂಡು ಸುಮಾರು 250 ಚದರ ಮೀಟರ್. ಕಾಯುವ ಪಟ್ಟಿ ಉದ್ದ ಇರುತ್ತದೆ, ಅದಕ್ಕೇ ಇವತ್ತೇ ಬರೆಸಿ. ಇಂಗ್ಲಿಷರು ಬೇಲಿಯ ಆಚೆ ಈಚೆ ನಿಂತಾಗ ಆಡುವಷ್ಟು ಮಾತು ಬೇರೆಲ್ಲೂ ಆಡುವುದಿಲ್ಲ. ನಮ್ಮ ಎರಿ ಮಣ್ಣಿನ ರೈತನಿಗೆ ಅವರ ಜೇಡಿ ಮಣ್ಣಿನ ಗೋಳು ಕೂಡಲೇ ಅರ್ಥವಾಗುತ್ತದೆ.

ಮಾತಿನ ವಿಷಯದಲ್ಲಿ ನಾನು ಮುಗ್ಗರಿಸಿದ್ದು ಹೇಳಿಬಿಡುತ್ತೇನೆ, ನೀವು ಮುಗ್ಗರಿಸಬೇಡಿ. ಆಫೀಸಿನಲ್ಲಿ ಒಬ್ಬಾಕೆ ಲಿಫ್ಟಿನ ಹತ್ತಿರ "ಆಲ್‌ರೈಟ್?" ಅಂದರು. ನನ್ನನ್ನು ಕೇಳುತ್ತಿದ್ದಾರೆ ಅಂತ ತಿಳಿದು ನನ್ನ ಬೆನ್ನುನೋವು, ಎಕ್ಸ್‌ರೇ, ಫಿಸಿಯೋಥೆರಪಿ ಎಲ್ಲ ಹೇಳಿದೆ. ಮೂರು ಲಿಫ್ಟು ಬಂದು ಹೋದವು. ಆ "ಆಲ್‌ರೈಟ್" ನಮ್ಮ "ಊಟಾತ್ರೀ?" ಇದ್ದಂತೆ. ಮಧ್ಯಾಹ್ನ ಒಂದಕ್ಕೆ ಓಣಿಯಲ್ಲಿ ಎದುರಾದವರು ಊಟಾತ್ರೀ ಅಂದರೆ ನೀವು ಏನೇನು ಉಂಡಿರಿ ಅಂತ ಹೇಳುತ್ತೀರಾ? "ಆತ್ರಿ, ನಿಮ್ದ್ರಿ?" ಅಂತ ಮುಂದೆ ಹೋಗುತ್ತೀರಿ. ಇಲ್ಲೂ ಹಾಗೇ. ಮಳೆ, ಚಳಿ, ಬಸ್ಸು ತಡ, ನಾಯಿಯ ಹೆಸರು. ಇವು ಸಾಕು. "ಯಾವೂರು, ಪಗಾರ ಎಷ್ಟು, ಮನೆ ಸ್ವಂತದ್ದೋ, ಇನ್ನೂ ಯಾಕೆ ಮಕ್ಕಳಾಗಿಲ್ಲ" ಬೇಡ. ಊರಿನಲ್ಲೂ ಬೇಡವಾಗಿತ್ತು, ಅದು ಬೇರೆ ಮಾತು.

ಇನ್ನೊಂದು ತಪ್ಪು ನಮ್ಮ ಇಬ್ಬರದ್ದೂ. ಶಾಲೆಯ ಗೇಟಿನಲ್ಲಿ ಹೆಂಡತಿಗೆ ಒಬ್ಬ ತಾಯಿಯ ಪರಿಚಯವಾಯಿತು. ಮೂರನೇ ದಿನಕ್ಕೇ ಇಡೀ ಮನೆಯವರನ್ನು ಊಟಕ್ಕೆ ಕರೆದೆವು. ಹೋಳಿಗೆ, ಕಟ್ಟಿನ ಸಾರು, ಎರಡು ಪಲ್ಯ, ಭಜಿ, ಚಿತ್ರಾನ್ನ, ಇನ್ನೊಂದು ಹಾಕ್ಕೊಳ್ಳಿ, ಇನ್ನೊಂದೇ ಒಂದು. ಅವರು ಪಾಪ ತಿಂದರು. ಆಮೇಲೆ ಗೇಟಿನಲ್ಲಿ ಕಣ್ಣು ತಪ್ಪಿಸಲು ಶುರು ಮಾಡಿದರು. ಆ ಊಟಕ್ಕೆ ಸರಿಸಮ ಊಟ ತಾವು ಹಾಕಬೇಕಲ್ಲ ಅನ್ನುವ ಭಾರ ಅವರ ತಲೆ ಮೇಲೆ ಇಟ್ಟಿದ್ದೆವು. ಗುರುತಿನವರನ್ನು ಎಳೆದು ದೋಸ್ತರನ್ನಾಗಿ ಮಾಡಲು ಹೋದರೆ ಗುರುತೂ ಹೋಗುತ್ತದೆ. ಒಂದು ಕಾಫಿ, ಎರಡು ತಿಂಗಳ ನಂತರ ಇನ್ನೊಂದು ಕಾಫಿ. ಅದು ತಾನೇ ಬೆಳೆದರೆ ಬೆಳೆಯಲಿ. ಬೆಳೆಯದಿದ್ದರೂ ಅದು ಕೊರತೆ ಅಲ್ಲ.

ಕನ್ನಡದವರ ನಡುವೆಯೂ ಇದನ್ನೇ ಮಾಡಿ. ಕನ್ನಡ ಬಳಗ ಯುಕೆ 1983ರಿಂದ ಇದೆ. ಯುಗಾದಿ, ದೀಪಾವಳಿಗೆ ಹೋಗಿ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನವರ ಪುತ್ಥಳಿ ನೋಡಲು ಹೇಗೂ ಹೋಗುತ್ತೀರಿ, ಅಲ್ಲೂ ಮಂದಿ ಸಿಗುತ್ತಾರೆ. ಹೋದಾಗ ನಮ್ಮ ಮೂರು ಜಿಲ್ಲೆಯವರ ಮೇಜಿನಲ್ಲೇ ಗುಂಪು ಕಟ್ಟಬೇಡಿ. ಕುಂದಾಪುರದ ಡಾಕ್ಟರು, ಮೈಸೂರಿನ ಮೇಡಂ ಪಕ್ಕ ಕೂತುಕೊಳ್ಳಿ. ನಿಮ್ಮ ಕನ್ನಡ ಅವರಿಗೆ, ಅವರ ಕನ್ನಡ ನಿಮಗೆ ಅರ್ಧ ತಿಳಿದರೆ ಸಾಕು.

ಗುರುತಿನವರ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು ಅನ್ನುವುದು ಊರಿನಲ್ಲಿ ನಿಮಗೆ ಗೊತ್ತಿದ್ದದ್ದೇ. ದಾರಿ ಕೇಳಿ, ಸುದ್ದಿ ಕೇಳಿ, ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪೇಷಂಟ್ ತಗೊಳ್ಳುವ ಡೆಂಟಿಸ್ಟ್ ಯಾರಿದ್ದಾರೆ ಅಂತ ಕೇಳಿ. ದುಡ್ಡು ಕೇಳಬೇಡಿ. ಗಂಡ ಹೆಂಡತಿ ಜಗಳ ಹೇಳಿಕೊಳ್ಳಬೇಡಿ. ಅದಕ್ಕೆ ದೋಸ್ತರೇ ಬೇಕು. ನಮ್ಮ ಚಿಕ್ಕವಳಿಗೆ ಒಂದು ರಾತ್ರಿ 2 ಗಂಟೆಗೆ ಉಸಿರು ಕಟ್ಟಿದಾಗ ಆಂಬುಲೆನ್ಸಿಗೆ ಅಂತ 999ಕ್ಕೆ ಫೋನ್ ಮಾಡಿದ ಮೇಲೆ ನನ್ನ ಬೆರಳು ಹೋದದ್ದು ಬಾದಾಮಿಯ ದೋಸ್ತನ ನಂಬರಿಗೇ. ಅವನು ಲುಂಗಿಯ ಮೇಲೆ ಕೋಟು ಹಾಕಿಕೊಂಡು ಬಂದು ದೊಡ್ಡವಳನ್ನು ಬೆಳಗಿನವರೆಗೆ ನೋಡಿಕೊಂಡ. ಅಂಥವರು ಒಬ್ಬರೋ ಇಬ್ಬರೋ. ಅವರನ್ನು ಡೆಂಟಿಸ್ಟ್ ವಿಳಾಸಕ್ಕೂ, ಬಸ್ಸಿನ ಟೈಮಿಗೂ, ಸುಮ್ನೆ ಬೇಜಾರಾಯ್ತು ಅನ್ನುವುದಕ್ಕೂ ದಿನಾ ಹಿಂಡಿದರೆ ಪಾಪ ಅವರೂ ದಣಿಯುತ್ತಾರೆ.

ಕೆನಡಾದಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್, ಎಲಿಜಬೆತ್ ಡನ್ ಎಂಬ ಇಬ್ಬರು ಸಂಶೋಧಕರು ಇಂಥ ಸಣ್ಣ ಮಾತುಕತೆಗಳನ್ನೇ ಎಣಿಸಲು ಜನರ ಕೈಗೆ ಒತ್ತುವ ಕೌಂಟರ್ ಕೊಟ್ಟಿದ್ದರು. ಎಂದಿಗಿಂತ ಹೆಚ್ಚು ಗುರುತಿನವರ ಜೊತೆ ಮಾತಾಡಿದ ದಿನ ಜನ ಹೆಚ್ಚು ಖುಷಿಯಾಗಿರುತ್ತಿದ್ದರು ಅಂತ 2014ರಲ್ಲಿ ಬರೆದರು. ಅದನ್ನು ಓದಿದಾಗ, ಇದಕ್ಕೆ ಕೌಂಟರ್ ಯಾಕೆ, ನಮ್ಮಪ್ಪನನ್ನು ಕೇಳಿದ್ದರೆ ಆಗುತ್ತಿತ್ತು ಅನಿಸಿತು.

ಅಪ್ಪ ಅದೇ ವರ್ಷ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದರು. ಇಂಗ್ಲಿಷ್ ಓದಲು ಬರುತ್ತದೆ, ಇಲ್ಲಿಯವರ ಬಾಯಿಂದ ಬಂದರೆ ತಿಳಿಯುವುದಿಲ್ಲ. ಬಿಳಿ ಧೋತರ, ತಲೆಗೆ ಗಾಂಧಿ ಟೋಪಿ, ಮೇಲೆ ನನ್ನ ಹಳೇ ಜಾಕೆಟ್ಟು. ನಮ್ಮ ಊರಿನಲ್ಲಿ ರೆಡ್‌ವೇ ಅಂತ ಕೆಂಪು ದಾರಿಗಳಿವೆ, ನಡೆಯುವವರಿಗೆ, ಸೈಕಲ್‌ನವರಿಗೆ. ಬೆಳಿಗ್ಗೆ ಏಳಕ್ಕೆ ಆ ದಾರಿ ಹಿಡಿದು ಹೊರಟರೆ ಎಂಟಕ್ಕೆ ವಾಪಸ್. ಎದುರಾದವರಿಗೆಲ್ಲ ಕೈ ಮುಗಿದು "ನಮಸ್ಕಾರ್ರೀ". ನನಗೆ ಸ್ವಲ್ಪ ಮುಜುಗರವೇ ಆಗುತ್ತಿತ್ತು. ಏನು ಮಾತಾಡುತ್ತೀ ಅವರ ಜೊತೆ ಅಂತ ಕೇಳಿದರೆ, "ಅವ್ರು ಇಂಗ್ಲಿಷ್‌ನ್ಯಾಗ ಆಡ್ತಾರ, ನಾ ಕನ್ನಡದಾಗ ಆಡ್ತೀನಿ" ಅನ್ನುತ್ತಿದ್ದರು. ಮೂರು ತಿಂಗಳಿದ್ದು ಹೋದರು.

ಅವರು ಹೋದ ಎರಡನೇ ವಾರ ನಾನು ಅದೇ ಕೆಂಪು ದಾರಿಯಲ್ಲಿ ಕೆಲಸಕ್ಕೆ ನಡೆದು ಹೋಗುತ್ತಿದ್ದೆ. ನಾಯಿ ಹಿಡಿದ ಒಬ್ಬರು ನನ್ನ ಜಾಕೆಟ್ಟು ನೋಡಿ ನಿಂತರು. ಟೋಪಿಯ ಅಜ್ಜ ಎಲ್ಲಿ, ಆರಾಮಿದ್ದಾರಾ ಅಂತ ಕೇಳಿದರು. ಮೂರು ವರ್ಷ ನಾನು ಆ ದಾರಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಾಡಿದ್ದೆ, ಒಬ್ಬರೂ ನಿಲ್ಲಿಸಿರಲಿಲ್ಲ.

ರಾತ್ರಿ ನವನಗರಕ್ಕೆ ಫೋನ್ ಮಾಡಿದೆ. "ಅಪ್ಪಾ, ನಾಯಿ ಹಿಡಕೊಂಡು ಬರ್ತಾನಲ್ಲ, ಅಂವಾ ನಿನ್ನ ಕೇಳಿದ."

"ಯಾಂವ? ಕರೇ ನಾಯಿಯಂವನೋ, ಕುಂಟ ನಾಯಿಯಂವನೋ?"

ನಾಯಿ ಕುಂಟುತ್ತಿತ್ತಾ? ನಾನು ನೋಡಿರಲಿಲ್ಲ. ಬಣ್ಣ ಕಂದು ಅಂದೆ.

"ಹಂಗಾದ್ರ ಕುಂಟ ನಾಯಿಯಂವನಽ. ನಾಳೆ ಕೇಳಿ ಹೇಳು, ಅದರ ಕಾಲು ಸುಧಾರಿಸೇತೇನು ಅಂತ."